ಡಿವಿಡಿ ಖಾನೆಯೊಳಗಿನ ಎರಡನೇ ಡಿಸ್ಕ್



ನಿಮ್ಮ ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರ ಮಗ್ಗುಲನ್ನೊಮ್ಮೆ ನೋಡಿ. ಗುಂಡಿ ಒತ್ತಿದರೆ ತಟ್ಟೆ ಹೊರಗೆ ಬರುವ ಡಿವಿಡಿ ಡ್ರೈವ್ ಅಲ್ಲಿರುತ್ತದೆ. ಯಾರದೋ ಮದುವೆಯ ಸಿ.ಡಿ. ನೋಡಿದ್ದು, ಒಂದೆರಡು ಸಲ ವಿಂಡೋಸ್ ಹಾಕಿಸಿದ್ದು ಬಿಟ್ಟರೆ ಅದರಿಂದ ಹೆಚ್ಚಿನ ಕೆಲಸವೇನೂ ಆಗಿರುವುದಿಲ್ಲ. ಪೆನ್‌ಡ್ರೈವ್ ಬಂತು, ಮೊಬೈಲ್ ಬಂತು, ಡಿವಿಡಿ ಮೂಲೆಗೆ ಸರಿಯಿತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಂತೂ ಆ ಖಾನೆಯೇ ಇಲ್ಲ. ಹಳೆಯ ಯಂತ್ರಗಳಲ್ಲಿ ಉಳಿದ ಖಾನೆಗೆ ರಿಪೇರಿಯವರು ಒಂದು ಉಪಯೋಗ ಕಂಡುಕೊಂಡಿದ್ದಾರೆ. ಡಿವಿಡಿ ಡ್ರೈವನ್ನು ಹೊರಗೆಳೆದು, ಅಷ್ಟೇ ಅಳತೆಯ ಒಂದು ತಗಡಿನ ಚೌಕಟ್ಟಿನಲ್ಲಿ ಎರಡನೇ ಹಾರ್ಡ್ ಡಿಸ್ಕ್ ಕೂರಿಸಿ ಒಳಗೆ ತಳ್ಳುತ್ತಾರೆ. ಆ ಚೌಕಟ್ಟಿಗೆ ಅಂಗಡಿಯಲ್ಲಿ ಕ್ಯಾಡಿ ಎನ್ನುತ್ತಾರೆ. ಬೆಲೆ ಕೆಲವು ನೂರು ರೂಪಾಯಿ.

ಹೀಗೆ ಕೂತ ಡಿಸ್ಕ್ ಒಂದು ದಿನ ಕಾಣಿಸದೆ ಹೋದರೆ ಏನು ಮಾಡಬೇಕು, ಅದಕ್ಕೂ ಮುಖ್ಯವಾಗಿ ಏನು ಮಾಡಬಾರದು ಎಂಬುದು ಇವತ್ತಿನ ಮಾತು.

ಬೀದರ್ ನಗರದ ಡಿಟಿಪಿ ಅಂಗಡಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಲಗ್ನದ ಸೀಸನ್. ಒಂದೇ ದಿನ ಕನ್ನಡದ ಲಗ್ನಪತ್ರಿಕೆ, ಮರಾಠಿಯ ಲಗ್ನಪತ್ರಿಕೆ, ಉರ್ದುವಿನ ಶಾದಿ ಕಾರ್ಡು ಬರುತ್ತವೆ. ಕನ್ನಡಕ್ಕೆ ನುಡಿ, ಮರಾಠಿಗೆ ಶ್ರೀಲಿಪಿ, ಉರ್ದುವಿಗೆ ಇನ್‌ಪೇಜ್. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕೂಡಿಟ್ಟ ಅಕ್ಷರ ಮಾದರಿಗಳು, ಗಣಪತಿ ಬಸವಣ್ಣನವರ ಚಿತ್ರಗಳು, ಹೂಬಳ್ಳಿಯ ಅಂಚುಗಳು, ಊರಿನ ಹಳೆಯ ಗಿರಾಕಿಗಳ ಪತ್ರಿಕೆಗಳು ಎಲ್ಲವೂ ಒಂದೇ ಡಿಸ್ಕಿನಲ್ಲಿ. ಇವು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬಹುದಾದ ಸರಕಲ್ಲ. ಹಳೆಯ ನುಡಿ ಫೈಲು ಇದ್ದರೂ ಅದರ ಫಾಂಟ್ ಹೋದರೆ ಅಕ್ಷರಗಳ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಫೋಟೊ ಸ್ಟುಡಿಯೊಗಳ ಪಾಡೂ ಇದೇ. ಒಂದು ಮದುವೆಯ ವಿಡಿಯೊ ನೂರಾರು ಜಿಬಿ ಜಾಗ ತಿನ್ನುತ್ತದೆ. ಭಾಲ್ಕಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಲ್ಯಾಪ್‌ಟಾಪಿಗೆ ಎಸ್ಎಸ್‌ಡಿ ಎಂಬ, ತಿರುಗುವ ತಟ್ಟೆಯಿಲ್ಲದ ಡಿಸ್ಕ್ ಹಾಕಿಸಿ ವೇಗ ಹೆಚ್ಚಿಸಿಕೊಳ್ಳುತ್ತಾರೆ. ಹೊರಬಂದ ಹಳೆಯ ಡಿಸ್ಕ್ ಬಿಸಾಡಲು ಮನಸ್ಸು ಬರುವುದಿಲ್ಲ, ಅದು ಡಿವಿಡಿ ಖಾನೆಗೆ ಹೋಗುತ್ತದೆ. ಔರಾದಿನ ಆನ್‌ಲೈನ್ ಸೆಂಟರಿನಲ್ಲಿ ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿಗಳ ಸ್ಕ್ಯಾನ್ ಪ್ರತಿಗಳು ರಾಶಿ ಬಿದ್ದಿರುತ್ತವೆ. ಹೊಸ ಯಂತ್ರ ಕೊಳ್ಳುವ ಬದಲು ಅವರೂ ಇದೇ ದಾರಿ ಹಿಡಿಯುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇಂಥ ಎಷ್ಟೋ ಲ್ಯಾಪ್‌ಟಾಪ್‌ಗಳು ಲಿನಕ್ಸ್ ಹಾಕಿಸಿಕೊಂಡು ಇನ್ನೂ ದುಡಿಯುತ್ತಿವೆ. ನನಗಂತೂ ಇದು ಸಂತೋಷದ ಸಂಗತಿ. ಓಡುವ ಯಂತ್ರವನ್ನು ಗುಜರಿಗೆ ಹಾಕುವುದು ನಮ್ಮ ಕಡೆಯ ಸ್ವಭಾವವಲ್ಲ.

ಡಿಸ್ಕ್ ಎಂಬ ವಸ್ತುವಿನ ವಯಸ್ಸನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಾರ್ಡ್ ಡಿಸ್ಕ್ ಇರುವ ಮೊದಲ ಕಂಪ್ಯೂಟರನ್ನು ಐಬಿಎಂ ಕಂಪನಿ ಹೊರತಂದದ್ದು 1956ರ ಸೆಪ್ಟೆಂಬರಿನಲ್ಲಿ. ಎರಡು ಅಡಿ ಅಗಲದ 50 ತಟ್ಟೆಗಳು, ಒಂದು ಟನ್ನಿನ ಆಸುಪಾಸು ತೂಕ, ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ. ಇವತ್ತಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊದಷ್ಟು. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ಬೀದರ್ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ರಾಜ್ಯ ಬದಲಾದರೂ ಕಂಪ್ಯೂಟರ್ ಬಿಡಿಭಾಗದ ವಿಷಯದಲ್ಲಿ ನಾವಿನ್ನೂ ಹೈದರಾಬಾದಿನವರೇ. ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರುವ ಚಿನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ. ಬೀದರಿನಿಂದ ಸುಮಾರು 140 ಕಿಲೋಮೀಟರ್. ಕ್ಯಾಡಿ, ಬ್ಯಾಟರಿ, ಕೀಬೋರ್ಡು ಬಹಳಷ್ಟು ಅಲ್ಲಿಂದಲೇ ಬರುತ್ತವೆ. ಬೆಳಿಗ್ಗೆ ಬಸ್ಸು ಹತ್ತಿದವರು ರಾತ್ರಿಗೆ ಸಾಮಾನು ಹಿಡಿದು ವಾಪಸಾಗುತ್ತಾರೆ. ತಪ್ಪು ಅಳತೆಯ ಕ್ಯಾಡಿ ತಂದರೆ ಬದಲಾಯಿಸಲು ಮತ್ತೆ ಅಷ್ಟು ದೂರ ಹೋಗಬೇಕು. ಆದ್ದರಿಂದ ಅಳತೆಯ ಮಾತು ಮೊದಲು.

ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್ ಮುಖ್ಯವಾಗಿ ಎರಡು ದಪ್ಪದಲ್ಲಿ ಬಂದವು. ಒಂದು 12.7 ಮಿಲಿಮೀಟರ್, ಇನ್ನೊಂದು 9.5 ಮಿಲಿಮೀಟರ್. ಕ್ಯಾಡಿಯೂ ಅದೇ ದಪ್ಪದ್ದು ಬೇಕು. ಇನ್ನು ಎರಡೂವರೆ ಇಂಚಿನ ಡಿಸ್ಕ್‌ಗಳು. ಹಳೆಯವು ಹೆಚ್ಚಾಗಿ 9.5 ಮಿಲಿಮೀಟರ್, ಹೊಸವು ಮತ್ತು ಎಸ್ಎಸ್‌ಡಿಗಳು 7 ಮಿಲಿಮೀಟರ್. ತೆಳ್ಳನೆಯ ಡಿಸ್ಕನ್ನು ದಪ್ಪ ಕ್ಯಾಡಿಗೆ ಹಾಕಿ ಕೆಳಗೆ ಆಧಾರದ ಪಟ್ಟಿ ಇಡದೆ ಬಿಟ್ಟರೆ ಅದು ಒಳಗೇ ಅಲುಗಾಡುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾರ್ಡ್ ಡಿಸ್ಕ್ ಖಾನೆಗೂ ಡಿವಿಡಿ ಖಾನೆಗೂ ಒಳಗಿನ ವ್ಯತ್ಯಾಸ ಏನು? ಎರಡಕ್ಕೂ ಸಾಟಾ ಎಂಬ ಸಂಪರ್ಕವೇ. ಮಾಹಿತಿ ಸಾಗಿಸುವ 7 ಪಿನ್ನುಗಳು ಎರಡರಲ್ಲೂ ಒಂದೇ. ಆದರೆ ವಿದ್ಯುತ್ತಿನ ಭಾಗದಲ್ಲಿ ಹಾರ್ಡ್ ಡಿಸ್ಕಿಗೆ 15 ಪಿನ್, ಡಿವಿಡಿಗೆ ಬರೀ 6. ಆ ಆರರಲ್ಲಿ ಎರಡು 5 ವೋಲ್ಟ್ ತರುತ್ತವೆ, ಎರಡು ನೆಲದ ತಂತಿ, ಒಂದು ತಯಾರಕರ ಪರೀಕ್ಷೆಗೆ ಇಟ್ಟದ್ದು. ಉಳಿದ ಒಂದು "ಇಲ್ಲಿ ಡ್ರೈವ್ ಇದೆ" ಎಂದು ಲ್ಯಾಪ್‌ಟಾಪಿಗೆ ತಿಳಿಸುವ ಪಿನ್. ಲ್ಯಾಪ್‌ಟಾಪ್ ಡಿಸ್ಕ್ 5 ವೋಲ್ಟಿನಲ್ಲೇ ಓಡುವುದರಿಂದ ಈ ಏರ್ಪಾಡು ಸಾಧ್ಯವಾಗಿದೆ. ಕ್ಯಾಡಿ ಮಾಡುವ ಕೆಲಸ ಇಷ್ಟೇ, 6 ಪಿನ್ನನ್ನು 15 ಪಿನ್ನಿಗೆ ಹೊಂದಿಸುವುದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ನಮ್ಮ ಜಿಲ್ಲೆಯಲ್ಲಿ ಮನೆಮಾತು. ಕ್ಯಾಡಿಯ ಬಾಳೂ ಹಾಗೆಯೇ. ಹೊರಗಿನ ಮೈಕಟ್ಟು ಡಿವಿಡಿಯದು, ಒಳಗೆ ನಡೆಯುವುದು ಡಿಸ್ಕಿನ ಕೆಲಸ. ಕೆಲವು ಲ್ಯಾಪ್‌ಟಾಪ್‌ಗಳು ಹೊರಗಿನದನ್ನು ಒಪ್ಪಿಕೊಂಡು ಸುಮ್ಮನಿರುತ್ತವೆ. ಕೆಲವು ಒಳಗೆ ಬಂದು ತಪಾಸಣೆ ಮಾಡುತ್ತವೆ. ತೊಂದರೆ ಶುರುವಾಗುವುದು ಅಲ್ಲಿ.

"ಅಣ್ಣಾ, ಡಿಸ್ಕ್ ಕಾಣಲತ್ತಿಲ್ಲ ನೋಡ್ರಿ" ಎಂದು ಹುಡುಗರು ಬರುತ್ತಾರೆ. "ಎಲ್ಲಿ ಕಾಣಲತ್ತಿಲ್ಲ?" ಎಂದು ಕೇಳಿದರೆ ಬಹಳ ಜನರಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ. ನಿಜವಾಗಿ ರೋಗ ಹಿಡಿಯುವ ಪ್ರಶ್ನೆಯೇ ಅದು. ಡಿಸ್ಕ್ ಕಾಣಿಸಿಕೊಳ್ಳಬೇಕಾದ ಜಾಗಗಳು ಮೂರು. ಮೊದಲು ಬಯಾಸ್, ಆಮೇಲೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್, ಕೊನೆಗೆ ನಾವೆಲ್ಲ ದಿನವೂ ತೆರೆಯುವ "ದಿಸ್ ಪಿಸಿ". ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಬಯಾಸ್ ಎಂದರೆ ವಿಂಡೋಸ್ ಬರುವ ಮೊದಲೇ ಎಚ್ಚರಗೊಳ್ಳುವ ವ್ಯವಸ್ಥೆ. ಯಂತ್ರ ಚಾಲೂ ಮಾಡಿದ ಕೂಡಲೇ ಎಫ್2, ಎಫ್10 ಅಥವಾ ಡಿಲೀಟ್ ಕೀಲಿ ಒತ್ತಿದರೆ ಅದರ ಪರದೆ ಬರುತ್ತದೆ, ಕೀಲಿ ಕಂಪನಿಗೆ ತಕ್ಕಂತೆ. ಅಲ್ಲಿಯೇ ಡಿಸ್ಕಿನ ಹೆಸರು ಇಲ್ಲವೆಂದರೆ ವಿಂಡೋಸನ್ನು ದೂರುವುದು ವ್ಯರ್ಥ. ದೋಷ ತಗಡು, ತಂತಿ, ಪಿನ್ನುಗಳಲ್ಲಿದೆ. ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಲು ಬಂದರೆ ತೆಗೆದು, ಕೆಳಗಿನ ಒಂದು ಸ್ಕ್ರೂ ಬಿಚ್ಚಿ ಕ್ಯಾಡಿ ಹೊರಗೆಳೆಯಿರಿ. ಡಿಸ್ಕ್ ಪಿನ್ನಿನತ್ತ ಪೂರ್ತಿ ಒತ್ತಿಕೊಂಡಿದೆಯೇ? ಹಿಂದೆ ಜಾರಿದೆಯೇ? ಆಗಲೇ ಹೇಳಿದೆನಲ್ಲ, 7 ಮಿಲಿಮೀಟರಿನ ಡಿಸ್ಕಿಗೆ ಪಟ್ಟಿ ಇಡದಿದ್ದರೆ ಬಸ್ಸಿನ ಕುಲುಕಾಟಕ್ಕೆ ಕೂದಲೆಳೆಯಷ್ಟು ಸರಿದರೂ ಸಾಕು, ಸಂಪರ್ಕ ತಪ್ಪುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆಯ ಧೂಳು ಪಿನ್ನುಗಳ ಮೇಲೆ ಕೂತಿದ್ದರೆ ಒಣ ಕುಂಚದಿಂದ ಒರೆಸಿ. ಬಾಯಿಂದ ಊದಬೇಡಿ, ಉಗುಳಿನ ತೇವ ಹೋಗುತ್ತದೆ.

ಕೆಲವು ಕ್ಯಾಡಿಗಳ ಹಿಂಬದಿಯಲ್ಲಿ ಸಾಸಿವೆ ಗಾತ್ರದ ಸ್ವಿಚ್ಚೊಂದು ಇರುತ್ತದೆ. ಅಂಗಡಿಯವರೂ ಅದನ್ನು ಗಮನಿಸಿರುವುದಿಲ್ಲ. ಬೇರೆ ಬೇರೆ ಕಂಪನಿಯ ಲ್ಯಾಪ್‌ಟಾಪ್ ಒಪ್ಪುವಂತೆ ಪಿನ್ನುಗಳ ಸಂಕೇತ ಬದಲಿಸಲು ಅದನ್ನಿಟ್ಟಿರುತ್ತಾರೆ. ಯಂತ್ರ ಆರಿಸಿಟ್ಟು ಸ್ವಿಚ್ಚನ್ನು ಇನ್ನೊಂದು ಬದಿಗೆ ಸರಿಸಿ ಮತ್ತೆ ಬಯಾಸ್ ನೋಡಿ. ಸತ್ತಿದೆ ಎಂದುಕೊಂಡ ಡಿಸ್ಕ್ ಹೀಗೆ ಎದ್ದು ಕೂತದ್ದುಂಟು. ಇನ್ನೂ ಹಳೆಯ, ಸಾಟಾ ಬರುವ ಮೊದಲಿನ ಲ್ಯಾಪ್‌ಟಾಪ್ ಆದರೆ ಡಿವಿಡಿ ಖಾನೆಯ ಸಂಪರ್ಕವೇ ಬೇರೆ ಜಾತಿಯದು. ಅದಕ್ಕೆ ನಡುವೆ ಪರಿವರ್ತಕ ಚಿಪ್ ಇರುವ ಬೇರೆ ಕ್ಯಾಡಿ ಬೇಕು.

ಇಷ್ಟಕ್ಕೂ ಕಾಣದಿದ್ದರೆ ಅದಲುಬದಲು ಪರೀಕ್ಷೆ. ಸಂಶಯ ಇರುವುದು ಡಿಸ್ಕ್, ಕ್ಯಾಡಿ, ಖಾನೆ ಈ ಮೂರರ ಮೇಲೆ. ಡಿಸ್ಕನ್ನು ಯುಎಸ್‌ಬಿ ಕೇಬಲಿನಿಂದ ಬೇರೆ ಕಂಪ್ಯೂಟರಿಗೆ ಹಚ್ಚಿ. ಅಲ್ಲಿ ಚೆನ್ನಾಗಿ ತೆರೆದುಕೊಂಡರೆ ಡಿಸ್ಕ್ ನಿರಪರಾಧಿ. ಹಳೆಯ ಡಿವಿಡಿ ಡ್ರೈವನ್ನೇ ಖಾನೆಗೆ ಮತ್ತೆ ತಳ್ಳಿ ನೋಡಿ. ಅದು ಓಡಿದರೆ ಖಾನೆಯೂ ನಿರಪರಾಧಿ. ಉಳಿದದ್ದು ಕ್ಯಾಡಿ. ಅದಕ್ಕೇ ಹೇಳುವುದು, ಹೊರಬಂದ ಡಿವಿಡಿ ಡ್ರೈವನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಕೇಳಿ ತೆಗೆದುಕೊಳ್ಳಿ. ಯುಎಸ್‌ಬಿ ಕೇಬಲಿನ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಯುಎಸ್‌ಬಿ ತೂತು ಕೊಡುವ ವಿದ್ಯುತ್ 500 ಮಿಲಿಆಂಪಿಯರ್. ಡಿಸ್ಕ್ ತಿರುಗಲು ಶುರುಮಾಡುವ ಆ ಕ್ಷಣದಲ್ಲಿ ಒಂದು ಆಂಪಿಯರ್‌ವರೆಗೂ ಕೇಳಬಹುದು. ಸಿಗದಿದ್ದರೆ ಡಿಸ್ಕ್ ಟಕ್ ಎಂದು ಸದ್ದು ಮಾಡಿ ನಿಲ್ಲುತ್ತದೆ, ಮತ್ತೆ ಟಕ್, ಮತ್ತೆ ನಿಲ್ಲುತ್ತದೆ. ಅದನ್ನು ಕೇಳಿ "ಡಿಸ್ಕ್ ಗಯಾ ಭಾಯ್" ಎಂದು ಕೈ ಚೆಲ್ಲುವವರಿದ್ದಾರೆ. ಎರಡು ತಲೆಯ ಕೇಬಲ್ ಹಾಕಿ, ಇಲ್ಲವೇ ನೀಲಿ ಬಣ್ಣದ ಯುಎಸ್‌ಬಿ 3 ತೂತಿಗೆ ಹಚ್ಚಿ ಇನ್ನೊಮ್ಮೆ ಕೇಳಿ. ಸಾಕಷ್ಟು ವಿದ್ಯುತ್ ಸಿಕ್ಕ ಮೇಲೂ ಅದೇ ಟಕ್ ಟಕ್ ಬರುತ್ತಿದ್ದರೆ ಒಳಗಿನ ಓದುಕಡ್ಡಿಗೆ ಏಟು ಬಿದ್ದಿದೆ ಎಂದು ಅರ್ಥ. ಆಗ ಕೂಡಲೇ ಆರಿಸಿ. ಇನ್ನೊಂದು ಸಲ ಚಾಲೂ ಮಾಡಿ ನೋಡೋಣ ಎನ್ನುವ ಆಸೆ ತಟ್ಟೆಯನ್ನು ಇನ್ನಷ್ಟು ಕೆರೆಯುತ್ತದೆ. ಅದರ ಮುಚ್ಚಳ ತೆರೆಯಲು ಯಾರಿಗೂ ಬಿಡಬೇಡಿ. ಓದುಕಡ್ಡಿಯ ತುದಿ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ಕಣ್ಣಿಗೆ ಕಾಣದ ಧೂಳಿನ ಕಣವೂ ಅದಕ್ಕೆ ಬಂಡೆಗಲ್ಲು.

ಎರಡನೇ ಹಂತಕ್ಕೆ ಬರೋಣ. ಬಯಾಸಿನಲ್ಲಿ ಡಿಸ್ಕ್ ಇದೆ, ಆದರೆ "ದಿಸ್ ಪಿಸಿ"ಯಲ್ಲಿ ಇಲ್ಲ. ವಿಂಡೋಸ್ ಗುರುತಿನ ಕೀಲಿ ಹಿಡಿದು ಎಕ್ಸ್ ಒತ್ತಿ, ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಲವೊಮ್ಮೆ ಡಿಸ್ಕ್ ಸರಿಯಾಗಿಯೇ ಇರುತ್ತದೆ, ಅದಕ್ಕೆ ಡಿ, ಇ ಎಂಬ ಅಕ್ಷರ ಸಿಕ್ಕಿರುವುದಿಲ್ಲ, ಅಷ್ಟೇ. ಅಕ್ಷರ ಕೊಟ್ಟರೆ ಮುಗಿಯಿತು. ಬೇರೆ ಲ್ಯಾಪ್‌ಟಾಪಿನಿಂದ ಬಂದ ಡಿಸ್ಕ್ ಬೀಗ ಹಾಕಿಕೊಂಡಿದ್ದು 48 ಅಂಕಿಯ ಬಿಟ್‌ಲಾಕರ್ ಕೀಲಿ ಕೇಳಬಹುದು. ಹಳೆಯ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಬೇಕು. ಸಿಗದಿದ್ದರೆ ಮಾಹಿತಿಯ ಆಸೆ ಬಿಡಬೇಕು.

ಆದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ ಕೂಡಲೇ ಒಂದು ಸಣ್ಣ ಚೌಕ ಎದ್ದು ಬಂದು "ಇನಿಶಿಯಲೈಸ್ ಡಿಸ್ಕ್" ಎಂದು ಕೇಳಿದರೆ? ಕೆಳಗೆ ಎಂಬಿಆರ್, ಜಿಪಿಟಿ ಎಂಬ ಎರಡು ಆಯ್ಕೆ, ಪಕ್ಕದಲ್ಲಿ ಓಕೆ. ನನ್ನ ಮಾತಿನಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದು ಮರೆಯಬೇಡಿ. ಡಿಸ್ಕ್ ಹೊಚ್ಚ ಹೊಸದಾಗಿದ್ದರೆ ಓಕೆ ಒತ್ತಿ. 2 ಟಿಬಿಗಿಂತ ದೊಡ್ಡದಾದರೆ ಜಿಪಿಟಿ ಆರಿಸಿ, ಎಂಬಿಆರ್ ಅದರಾಚೆಗೆ ಎಣಿಸಲಾರದು. ಒಳಗೆ ನಿಮ್ಮ ಫೈಲುಗಳಿರುವ ಹಳೆಯ ಡಿಸ್ಕಾಗಿದ್ದರೆ ಕ್ಯಾನ್ಸಲ್ ಒತ್ತಿ. ವಿಂಡೋಸ್ ಆ ಪ್ರಶ್ನೆ ಕೇಳುವುದು ಡಿಸ್ಕಿನ ಆರಂಭದಲ್ಲಿರುವ ನಕ್ಷೆಯನ್ನು ಓದಲು ತನಗೆ ಆಗದಿದ್ದಾಗ. ಓದಲಾಗದಿರುವುದಕ್ಕೆ ಕಾರಣ ನಕ್ಷೆ ಹಾಳಾಗಿರುವುದೇ ಇರಬೇಕೆಂದಿಲ್ಲ. ಕ್ಯಾಡಿಯ ಸಂಪರ್ಕ ಅರೆಬರೆಯಾಗಿದ್ದರೂ ಓದಲಾಗುವುದಿಲ್ಲ. ಓಕೆ ಒತ್ತಿದರೆ ಚೆನ್ನಾಗಿದ್ದ ನಕ್ಷೆಯ ಮೇಲೆ ಹೊಸ ಖಾಲಿ ನಕ್ಷೆ ಬರೆಯುತ್ತದೆ. ಫೈಲುಗಳು ಒಳಗೇ ಇರುತ್ತವೆ, ಎಲ್ಲಿವೆಯೆಂದು ಹೇಳುವವರಿಲ್ಲ. ಅದರ ಮೇಲೆ ಫಾರ್ಮ್ಯಾಟ್ ಮಾಡಿ ಹೊಸ ಸಿನಿಮಾ ತುಂಬಿದರಂತೂ ಹಳೆಯದು ಹೋದ ಹಾಗೇ. "ಯು ನೀಡ್ ಟು ಫಾರ್ಮ್ಯಾಟ್" ಎಂಬ ಇನ್ನೊಂದು ಸಂದೇಶಕ್ಕೂ ಇದೇ ಉತ್ತರ, ಕ್ಯಾನ್ಸಲ್. ಆಮೇಲೆ ಡಿಸ್ಕ್ ತೆಗೆದು ಯುಎಸ್‌ಬಿ ಕೇಬಲಿಗೆ ಹಚ್ಚಿ ನೋಡಿ. ಮೇಲೆ ಹೇಳಿದ ಡಿಟಿಪಿ ಅಂಗಡಿಯ ಹದಿನೈದು ವರ್ಷದ ಅಕ್ಷರಗಳು ಉಳಿಯುವುದೂ ಹೋಗುವುದೂ ಆ ಒಂದು ಗುಂಡಿಯ ಮೇಲೆ.

ಇನ್ನೊಂದು ವಿಚಿತ್ರ ಪ್ರಸಂಗವಿದೆ. ಎಸ್ಎಸ್‌ಡಿ ಹಾಕುವಾಗ ಹಳೆಯ ಡಿಸ್ಕಿನ ಯಥಾಪ್ರತಿ ತೆಗೆದು ಹೊಸದಕ್ಕೆ ಇಳಿಸುತ್ತಾರೆ. ಆಮೇಲೆ ಹಳೆಯ ಡಿಸ್ಕನ್ನು ಹಾಗೆಯೇ ಕ್ಯಾಡಿಗೆ ಹಾಕುತ್ತಾರೆ. ಈಗ ಲ್ಯಾಪ್‌ಟಾಪಿನಲ್ಲಿ ಎರಡು ವಿಂಡೋಸ್, ಎರಡಕ್ಕೂ ಒಂದೇ ಗುರುತಿನ ಸಂಖ್ಯೆ. ವಿಂಡೋಸ್ ಗಲಿಬಿಲಿಗೊಂಡು ಒಂದನ್ನು ಆಫ್‌ಲೈನ್ ಎಂದು ಪಕ್ಕಕ್ಕಿಡುತ್ತದೆ. ಡಿಸ್ಕ್ ಕಾಣೆಯಾಯಿತು ಎಂದು ನಾವು ಹುಡುಕುತ್ತೇವೆ. ಬಲಗುಂಡಿ ಒತ್ತಿ ಆನ್‌ಲೈನ್ ಮಾಡಿದರೆ ಅದಕ್ಕೆ ಹೊಸ ಗುರುತು ಸಿಗುತ್ತದೆ, ಕಾಣುತ್ತದೆ. ಆಮೇಲೆ ಆ ಹಳೆಯ ಡಿಸ್ಕಿನಿಂದ ಯಂತ್ರ ಚಾಲೂ ಆಗದೇ ಹೋಗಬಹುದು, ಅದಕ್ಕೆ ಸಿದ್ಧರಿರಿ. ಇದಕ್ಕಿಂತ ತಲೆ ಕೆಡಿಸುವ ಇನ್ನೊಂದು ರೂಪ ಇದೆ. ಬಯಾಸಿನ ಬೂಟ್ ಸರದಿ ಹೇಗೋ ಬದಲಾಗಿ ಒಂದು ಬೆಳಿಗ್ಗೆ ಯಂತ್ರ ಹಳೆಯ ಡಿಸ್ಕಿನಿಂದಲೇ ಎದ್ದಿರುತ್ತದೆ. ಪರದೆ ಅದೇ, ಚಿತ್ರ ಅದೇ, ಆದರೆ ಕಳೆದ ತಿಂಗಳ ಕೆಲಸವೆಲ್ಲ ಮಾಯ. ವೈರಸ್ ಎಂದು ಗಾಬರಿಯಾಗುವವರು ಮೊದಲು ಯಾವ ಡಿಸ್ಕಿನಿಂದ ಎದ್ದಿದೆ ಎಂದು ನೋಡಬೇಕು. ಹೊಸ ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆ, ಬೇಕಾದದ್ದೆಲ್ಲ ಬೇರೆ ಕಡೆ ಪ್ರತಿಯಾಗಿದೆ ಎಂದು ಖಾತ್ರಿಯಾದ ಮೇಲೆ ಹಳೆಯ ಡಿಸ್ಕನ್ನು ಖಾಲಿ ಮಾಡಿ ಗೋದಾಮಿನಂತೆ ಬಳಸುವುದೇ ಒಳ್ಳೆಯದು.

ಲಿನಕ್ಸ್ ಮತ್ತು ವಿಂಡೋಸ್ ಎರಡನ್ನೂ ಇಟ್ಟುಕೊಂಡ ಭಾಲ್ಕಿಯ ಹುಡುಗರಿಗೆ ಒಂದು ಮಾತು. ಲಿನಕ್ಸಿನಲ್ಲಿ ಡಿಸ್ಕ್ ತೆರೆಯುತ್ತದೆ, ಆದರೆ ಏನೂ ಬರೆಯಲು ಬಿಡುವುದಿಲ್ಲ ಎಂದ ಕೂಡಲೇ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ದೆಯಲ್ಲಿಡುತ್ತದೆ, ಅದಕ್ಕೇ ಲಿನಕ್ಸ್ ಬರೆಯಲು ಹಿಂಜರಿಯುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಿ.

ಮೂರನೇ ಬಗೆಯ ತೊಂದರೆ ಎಲ್ಲಕ್ಕಿಂತ ಕಾಡುವಂಥದು. ಡಿಸ್ಕ್ ಕಾಣುತ್ತದೆ, ನಡೆಯುತ್ತದೆ, ನಡುವೆ ಮಾಯವಾಗುತ್ತದೆ. ದೊಡ್ಡ ಫೈಲ್ ಸಾಗಿಸುವಾಗ ಯಂತ್ರ ಅರ್ಧ ನಿಮಿಷ ಸ್ತಬ್ಧ, ಆಮೇಲೆ ಮತ್ತೆ ಓಟ. ಇಲ್ಲಿ ದೋಷ ಡಿಸ್ಕಿನದೋ ದಾರಿಯದೋ ಎಂದು ಹೇಳಬಲ್ಲ ಸಾಕ್ಷಿ ಡಿಸ್ಕಿನೊಳಗೇ ಇದೆ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದಿಡುತ್ತದೆ, ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ಸಾಲು ಸಾಲು ಅಂಕಿಗಳನ್ನು ಕಂಡು ಹೆದರಬೇಡಿ, ಮೂರು ಸಾಲು ನೋಡಿದರೆ ಸಾಕು. 05 ಎಂಬುದು ಕೆಟ್ಟುಹೋಗಿ ಬದಲಾಯಿಸಿದ ಜಾಗಗಳ ಲೆಕ್ಕ. ಸಿ5 ಎಂಬುದು ಓದಲಾಗದೆ ಅನುಮಾನದ ಪಟ್ಟಿಯಲ್ಲಿರುವ ಜಾಗಗಳ ಲೆಕ್ಕ. ಈ ಎರಡು ಏರುತ್ತಿದ್ದರೆ ಡಿಸ್ಕೇ ಸಾಯುತ್ತಿದೆ, ಇವತ್ತೇ ಎಲ್ಲವನ್ನೂ ಬೇರೆ ಕಡೆ ಇಳಿಸಿಕೊಳ್ಳಿ. ಮೂರನೆಯದು ಸಿ7, ಸಿಆರ್‌ಸಿ ದೋಷಗಳ ಲೆಕ್ಕ. ಡಿಸ್ಕಿಗೂ ಲ್ಯಾಪ್‌ಟಾಪಿಗೂ ನಡುವಿನ ಹಾದಿಯಲ್ಲಿ ಮಾಹಿತಿ ಎಷ್ಟು ಸಲ ಕೆಟ್ಟು ಬಂತು ಎಂಬುದನ್ನು ಅದು ಎಣಿಸುತ್ತದೆ. 05, ಸಿ5 ಸೊನ್ನೆಯಾಗಿದ್ದು ಸಿ7 ಮಾತ್ರ ಏರುತ್ತಿದ್ದರೆ ತಪ್ಪು ಬಹುಮಟ್ಟಿಗೆ ಕ್ಯಾಡಿಯದು ಅಥವಾ ಪಿನ್ನಿನದು. ಸಿ7ರ ಲೆಕ್ಕ ಸಾಮಾನ್ಯವಾಗಿ ಹಿಂದಕ್ಕಿಳಿಯುವುದಿಲ್ಲ. ಆದ್ದರಿಂದ ಇವತ್ತಿನ ಅಂಕಿಯನ್ನು ಚೀಟಿಯಲ್ಲಿ ಬರೆದಿಡಿ, ವಾರ ಬಿಟ್ಟು ನೋಡಿ. ನಿಂತಲ್ಲೇ ನಿಂತಿದ್ದರೆ ಅದು ಹಳೆಯ ಕತೆ. ಏರಿದ್ದರೆ ಕ್ಯಾಡಿ ಬದಲಿಸಿ. ಡಿಸ್ಕಿನ ಹಣ ಉಳಿಯಿತು.

ಕ್ಯಾಡಿ ಯಾಕೆ ಹೀಗೆ ಮಾಡುತ್ತದೆ ಎಂದರೆ ವೇಗ. ಸಾಟಾ ಹಾದಿ ಮೂರು ವೇಗಗಳಲ್ಲಿ ಬಂದಿತು. ಸೆಕೆಂಡಿಗೆ 1.5, 3 ಮತ್ತು 6 ಗಿಗಾಬಿಟ್. 2011ರ ಸುಮಾರಿಗೆ ಬಂದ ಇಂಟೆಲ್‌ನ 6ನೇ ಸರಣಿಯ ಚಿಪ್‌ಸೆಟ್‌ಗಳಲ್ಲಿ ಎರಡು ದಾರಿ 6 ಗಿಗಾಬಿಟ್ಟಿನವು, ಉಳಿದವು 3ರವು. ಮುಖ್ಯ ಡಿಸ್ಕಿಗೆ ವೇಗದ ದಾರಿ, ಡಿವಿಡಿಗೆ ಹೆಚ್ಚಾಗಿ ನಿಧಾನದ ದಾರಿ. ಆ ನಿಧಾನದ ದಾರಿಗಳದ್ದೇ ಒಂದು ಕತೆಯಿದೆ. 2011ರ ಜನವರಿ 31ರಂದು ಇಂಟೆಲ್ ಕಂಪನಿ ತನ್ನ ಆ ಹೊಸ ಚಿಪ್ಪಿನ 3 ಗಿಗಾಬಿಟ್ ದಾರಿಗಳು ದಿನ ಕಳೆದಂತೆ ದುರ್ಬಲವಾಗಬಹುದು ಎಂದು ಒಪ್ಪಿಕೊಂಡು ಸಾಗಣೆ ನಿಲ್ಲಿಸಿತು. ಸರಿಪಡಿಸಲು, ಬದಲಿಸಿ ಕೊಡಲು ಆಗುವ ಖರ್ಚು ಸುಮಾರು 70 ಕೋಟಿ ಡಾಲರ್ ಎಂದು ಆಗಲೇ ಅಂದಾಜು ಹೇಳಿತು. ಕೆಲವೇ ವಾರಗಳಲ್ಲಿ ತಿದ್ದಿದ ಚಿಪ್ ಬಂದುದರಿಂದ ನಮ್ಮ ಕೈಗೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಆ ದೋಷ ಸಿಗುವುದು ಅಪರೂಪ. ನಾನಿದನ್ನು ಹೇಳಿದ್ದು ಒಂದೇ ಲ್ಯಾಪ್‌ಟಾಪಿನ ಎರಡು ಸಾಟಾ ದಾರಿಗಳು ಒಂದೇ ತೆರನಲ್ಲ ಎಂಬುದಕ್ಕೆ.

ತಿರುಗುವ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. 3 ಗಿಗಾಬಿಟ್ ದಾರಿ 300 ಎಂಬಿ ಹೊರಬಲ್ಲದು. ಅದಕ್ಕೆ ಧಾರಾಳವಾಯಿತು. ಎಸ್ಎಸ್‌ಡಿ 500 ಎಂಬಿ ದಾಟುತ್ತದೆ, ಅದಕ್ಕೆ 6ರ ದಾರಿ ಬೇಕು. ಅಗ್ಗದ ಕ್ಯಾಡಿಯೊಳಗಿನ ಸಾಧಾರಣ ತಂತಿಜಾಲ ಆ ವೇಗದ ಸಂಕೇತವನ್ನು ಕೆಡದಂತೆ ಸಾಗಿಸುವುದು ಕಷ್ಟ, ಸಿ7 ಏರುವುದು ಆಗಲೇ. ಹೀಗಾಗಿ ನನ್ನ ತೀರ್ಪು ಸ್ಪಷ್ಟ. ಎಸ್ಎಸ್‌ಡಿ ಮುಖ್ಯ ಖಾನೆಗೆ, ಹಳೆಯ ತಿರುಗುವ ಡಿಸ್ಕ್ ಕ್ಯಾಡಿಗೆ. ಮುಖ್ಯ ಖಾನೆ ಬಿಚ್ಚಲು ತೊಡಕು, ಡಿವಿಡಿ ಖಾನೆ ಬಿಚ್ಚಲು ಸಲೀಸು ಎಂದು ಎಸ್ಎಸ್‌ಡಿಯನ್ನೇ ಕ್ಯಾಡಿಗೆ ತುರುಕುವ ಅಂಗಡಿಗಳಿವೆ. ಒಪ್ಪಬೇಡಿ. ಕೆಲವು ಬಯಾಸ್‌ಗಳು ಡಿವಿಡಿ ಖಾನೆಯ ಡಿಸ್ಕಿನಿಂದ ವಿಂಡೋಸ್ ಎಬ್ಬಿಸಲು ಒಪ್ಪುವುದೂ ಇಲ್ಲ.

ಈ ತೀರ್ಪಿಗೆ ಇನ್ನೊಂದು ಮುಖವೂ ಇದೆ. ಮುಖ್ಯ ಖಾನೆಯಲ್ಲಿ ಎಷ್ಟೋ ಸಲ ಡಿಸ್ಕಿನ ಸುತ್ತ ರಬ್ಬರಿನ ಮೆತ್ತೆ ಇರುತ್ತದೆ. 2003ರಲ್ಲಿ ಐಬಿಎಂ ಥಿಂಕ್‌ಪ್ಯಾಡ್‌ಗಳಿಂದ ಶುರುವಾಗಿ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ, ಯಂತ್ರ ಕೈಜಾರಿದ್ದನ್ನು ಗುರುತಿಸಿ ಬೀಳುವ ಮೊದಲೇ ಓದುಕಡ್ಡಿಯನ್ನು ಪಕ್ಕಕ್ಕೆಳೆಯುವ ವ್ಯವಸ್ಥೆಯೂ ಬಂತು. ಕ್ಯಾಡಿಯಲ್ಲಿರುವ ಡಿಸ್ಕಿಗೆ ಮೆತ್ತೆಯೂ ಇಲ್ಲ, ಆ ಕಾವಲನ್ನೂ ನೆಚ್ಚುವಂತಿಲ್ಲ. ಬೀದರಿನಿಂದ ಔರಾದಿಗೆ ಹೋಗುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕ್ಯಾಡಿಯ ಡಿಸ್ಕಿನಿಂದ ಸಿನಿಮಾ ನೋಡುವುದು ಬೇಡ. ಮುಚ್ಚಳ ಮುಚ್ಚಿದ ಕೂಡಲೇ ಡಿಸ್ಕ್ ನಿಂತಿತು ಎಂದುಕೊಳ್ಳಬೇಡಿ. ಪೂರ್ತಿ ಶಟ್‌ಡೌನ್ ಮಾಡಿ, ದೀಪ ಆರಿದ ಮೇಲೆ ಚೀಲಕ್ಕೆ ಹಾಕಿ.

ಸ್ಲೀಪಿನಿಂದ ಎದ್ದ ಮೇಲೆ ಡಿಸ್ಕ್ ಕಾಣದಿರುವುದು ಇನ್ನೊಂದು ದೂರು. ಡಿವಿಡಿ ಸುಮ್ಮನಿದ್ದಾಗ ಅದರ ವಿದ್ಯುತ್ತನ್ನೇ ಕಡಿದು ಬ್ಯಾಟರಿ ಉಳಿಸುವ ಜಾಣ್ಮೆ ಕೆಲವು ಲ್ಯಾಪ್‌ಟಾಪ್‌ಗಳಿಗಿದೆ. ಡಿವಿಡಿಗೆ ಅದು ಸರಿ, ಡಿಸ್ಕಿಗೆ ಕುತ್ತಿಗೆ ಹಿಸುಕಿದಂತೆ. ಲ್ಯಾಪ್‌ಟಾಪ್ ಕಂಪನಿಯದೇ ಬ್ಯಾಟರಿ ಉಳಿತಾಯದ ತಂತ್ರಾಂಶವಿದ್ದರೆ ಅದರಲ್ಲಿ ಆಪ್ಟಿಕಲ್ ಡ್ರೈವ್ ಆರಿಸುವ ಸೂಚನೆಯನ್ನು ತೆಗೆಯಿರಿ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಹಾರ್ಡ್ ಡಿಸ್ಕ್ ಇಷ್ಟು ನಿಮಿಷಕ್ಕೆ ನಿಲ್ಲಲಿ ಎಂದಿರುವುದನ್ನು "ನೆವರ್" ಮಾಡಿ. ಪದೇ ಪದೇ ನಿಂತು ಏಳುವುದು ಡಿಸ್ಕಿನ ಆಯುಷ್ಯಕ್ಕೂ ಒಳ್ಳೆಯದಲ್ಲ. ಓದುಕಡ್ಡಿ ಪಕ್ಕಕ್ಕೆ ಸರಿದು ಮರಳುವುದಕ್ಕೂ ಲೆಕ್ಕವಿದೆ, ಹಲವು ಲ್ಯಾಪ್‌ಟಾಪ್ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಮಿತಿ 6 ಲಕ್ಷ ಸಲ. ಬಯಾಸಿನಲ್ಲಿ ಐಡಿಇ, ಎಎಚ್‌ಸಿಐ ಎಂಬ ಆಯ್ಕೆ ಕಂಡರೆ ಮಾತ್ರ ಸುಮ್ಮನೆ ಬದಲಿಸಬೇಡಿ. ಮೊದಲೇ ಸಿದ್ಧತೆ ಮಾಡಿಕೊಳ್ಳದೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕೂರುತ್ತದೆ. ಹಳೆಯ ಆಯ್ಕೆಗೆ ಮರಳಿದರೆ ಸರಿಹೋಗುತ್ತದೆ.

ಎರಡನೇ ಡಿಸ್ಕ್ ಎಂದರೆ ಎರಡನೇ ಪ್ರತಿ ಎಂದು ತಿಳಿದವರು ಬಹಳ. ಎರಡೂ ಒಂದೇ ಯಂತ್ರದಲ್ಲಿದ್ದಾಗ ಲ್ಯಾಪ್‌ಟಾಪ್ ಕಳುವಾದರೆ ಎರಡೂ ಹೋಗುತ್ತವೆ, ಮೇಲೆ ಚಹಾ ಚೆಲ್ಲಿದರೆ ಎರಡೂ ನೆನೆಯುತ್ತವೆ. ಕ್ಯಾಡಿಯ ಡಿಸ್ಕ್ ಹೆಚ್ಚುವರಿ ಜಾಗ, ಅಷ್ಟೇ. ಬೇಕೇಬೇಕಾದ ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಬೇರೆ ಜಾಗದಲ್ಲಿ ಇರಬೇಕು. ಅಂಗಡಿಯದ್ದು ಮನೆಯಲ್ಲಿ, ಮನೆಯದ್ದು ಅಕ್ಕನ ಮನೆಯಲ್ಲಿ.

ಕೊನೆಗೆ ಒಂದು ಕೋರಿಕೆ. ರಿಪೇರಿಗೆ ಲ್ಯಾಪ್‌ಟಾಪ್ ಕೊಡುವಾಗ ಒಂದು ಕಾಗದದ ಮೇಲೆ ಎರಡು ಸಾಲು ಬರೆದು ಅಂಟಿಸಿ: "ಒಳಗೆ ಎರಡು ಡಿಸ್ಕ್ ಇವೆ. ನನ್ನನ್ನು ಕೇಳದೆ ಯಾವುದನ್ನೂ ಫಾರ್ಮ್ಯಾಟ್ ಮಾಡಬೇಡಿ." ಡಿಸ್ಕಿನ ಮೇಲಿನ ಸೀರಿಯಲ್ ನಂಬರಿನ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ರಿಪೇರಿ ಅಂಗಡಿಯವರಲ್ಲೂ ಅಷ್ಟೇ ವಿನಂತಿ, ಡಿಸ್ಕ್ ಹೋಯಿತು ಎಂದು ಹೇಳುವ ಮೊದಲು ಕ್ಯಾಡಿಯನ್ನೊಮ್ಮೆ ಬದಲಿಸಿ ನೋಡಿ.